ಕೂಲಂಟ್ ನೀರು ಸೋಸುವ ಸೆರಾಮಿಕ್ ಮೆಂಬ್ರೇನ್: ಶಹಾಬಾದಿನ ಗಡಸು ನೀರಿನಲ್ಲಿ ನನ್ನ ಅನುಭವ

ಲೇತ್, ಮಿಲ್ಲಿಂಗ್ ಯಂತ್ರಗಳಲ್ಲಿ ಲೋಹ ಕತ್ತರಿಸುವಾಗ ತಂಪಿಗೆ ಹಾಕುವ ಎಣ್ಣೆ-ನೀರಿನ ಮಿಶ್ರಣವೇ ಕೂಲಂಟ್. ಹಳೆಯ ಕೂಲಂಟ್ ನೋಡಲು ಹಾಲಿನಂತಿರುತ್ತದೆ. ಎಷ್ಟು ದಿನ ತೊಟ್ಟಿಯಲ್ಲಿ ಬಿಟ್ಟರೂ ಅದರ ಎಣ್ಣೆ ಪೂರ್ತಿ ಮೇಲೆ ಬರುವುದಿಲ್ಲ. ಹನಿಗಳು ಕೆಲವೇ ಮೈಕ್ರಾನ್ ಗಾತ್ರದವು, ಕೂಲಂಟಿನೊಳಗಿನ ಸಾಬೂನಿನಂಥ ಪದಾರ್ಥ ಅವನ್ನು ಒಂದಕ್ಕೊಂದು ಕೂಡಲು ಬಿಡುವುದಿಲ್ಲ. ಶಹಾಬಾದಿನ ನಮ್ಮ ಮಷಿನ್ ಶಾಪಿನಲ್ಲಿ ಬಿಡಿಭಾಗ ತೊಳೆದ ನೀರೂ ಸೇರಿ ದಿನಕ್ಕೆ 1,500 ಲೀಟರ್ ಇಂಥ ನೀರು ಬರುತ್ತದೆ. ಅದನ್ನು ಅಲ್ಟ್ರಾಫಿಲ್ಟ್ರೇಶನ್‌ನಲ್ಲಿ ಸೋಸುತ್ತೇವೆ, ಅಂದರೆ ಎಣ್ಣೆ ಹನಿಗಳನ್ನು ತಡೆದು ನೀರನ್ನು ಬಿಡುವ ಅತಿ ಸಣ್ಣ ರಂಧ್ರಗಳ ಮೆಂಬ್ರೇನಿನ ಮೂಲಕ ಹಾಯಿಸುತ್ತೇವೆ.

ಮೆಂಬ್ರೇನಿಗೆ ಮೊದಲು ಮೂರು ಕೆಲಸ. ನೀರನ್ನು ತೊಟ್ಟಿಯಲ್ಲಿ ಕನಿಷ್ಠ 8 ತಾಸು ಅಲುಗಿಸದೆ ಬಿಡಬೇಕು. ಮೇಲೆ ತೇಲಿದ ಎಣ್ಣೆಯನ್ನು ಬೆಲ್ಟ್ ಸ್ಕಿಮ್ಮರಿನಿಂದ (ಎಣ್ಣೆ ಅಂಟಿಸಿಕೊಂಡು ಎತ್ತುವ, ತಿರುಗುವ ಪಟ್ಟಿ) ತೆಗೆಯಬೇಕು. ಆಮೇಲೆ ಮ್ಯಾಗ್ನೆಟ್ ಹಾಗೂ 200 ಮೈಕ್ರಾನ್ ಬ್ಯಾಗ್ ಫಿಲ್ಟರ್ ದಾಟಿಸಬೇಕು, ಇಲ್ಲದಿದ್ದರೆ ಕಬ್ಬಿಣದ ಚೂರು ಮೆಂಬ್ರೇನಿನ ಸಣ್ಣ ನಾಳದ ಬಾಯಿಗೆ ಸಿಕ್ಕಿಕೊಂಡು ಕೂರುತ್ತದೆ. ತೇಲುವ ಎಣ್ಣೆ ತೆಗೆಯದೆ ಬಿಟ್ಟರೆ ಮೆಂಬ್ರೇನಿನ ಮೈಗೆ ಲೇಪವಾಗಿ ಅಂಟುತ್ತದೆ.

ನಮ್ಮಲ್ಲಿರುವುದು ಅಲ್ಯುಮಿನಾ ಎಂಬ ಸೆರಾಮಿಕ್ ಕೊಳವೆಯ ಒಳಮೈಗೆ ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್ಕಿನ ಪದರವಿರುವ ಮೆಂಬ್ರೇನ್, ರಂಧ್ರ 0.05 ಮೈಕ್ರಾನ್. ಒಂದು ಮೀಟರ್ ಉದ್ದದ ಒಂದೊಂದು ಕೊಳವೆಯಲ್ಲೂ 4 ಮಿಲಿಮೀಟರಿನ 19 ನಾಳಗಳು. ಆರಾರು ಕೊಳವೆಗಳ ಎರಡು ಹೌಸಿಂಗ್ (ಕೊಳವೆ ಕೂರಿಸುವ ಕವಚ) ಒಂದರ ಹಿಂದೆ ಒಂದು ಜೋಡಿಸಿವೆ, ಒಟ್ಟು ವಿಸ್ತೀರ್ಣ ಸುಮಾರು 2.9 ಚದರ ಮೀಟರ್. ನಾಳದಲ್ಲಿ ಓಡುವ ನೀರಿನಲ್ಲಿ ಸ್ವಲ್ಪ ಗೋಡೆಯ ಮೂಲಕ ಸೋಸಿ ಹೊರಬರುತ್ತದೆ, ಉಳಿದದ್ದು ತೊಟ್ಟಿಗೆ ಮರಳಿ ಮತ್ತೆ ತಿರುಗುತ್ತದೆ. ಎಣ್ಣೆ ಗೋಡೆಗೆ ಕೂರದಿರಲು ನೀರು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡಬೇಕು. ಅದಕ್ಕೆ ಗಂಟೆಗೆ 21 ಘನ ಮೀಟರ್ ತಿರುಗಿಸುವ ಪಂಪು ಬೇಕು. ಒಳಬರುವ ಒತ್ತಡ 2.5 ಬಾರ್, ಹೊರಹೋಗುವುದು 1.5 ಬಾರ್. ಗಂಟೆಗೆ ಚದರ ಮೀಟರಿಗೆ ಸರಾಸರಿ 60 ಲೀಟರ್ ಇಳಿದರೆ ಸುಮಾರು ಎಂಟೂಕಾಲು ತಾಸಿನಲ್ಲಿ ದಿನದ ನೀರು ಮುಗಿಯುತ್ತದೆ.

ಶುರು ಮಾಡುವಾಗ ಸೋಸಿದ ನೀರಿನ ವಾಲ್ವು ಮುಚ್ಚಿರಲಿ. ಪಂಪು ಪೂರ್ತಿ ವೇಗ ಹಿಡಿದ ಮೇಲೆ ಅದನ್ನು ನಿಧಾನ ತೆರೆಯಿರಿ. ವೇಗವಿಲ್ಲದೆ ಒತ್ತಡ ಮಾತ್ರ ಇದ್ದರೆ ಎಣ್ಣೆ ರಂಧ್ರದೊಳಕ್ಕೆ ತುರುಕಿಕೊಳ್ಳುತ್ತದೆ. ನಿಲ್ಲಿಸುವಾಗಲೂ ಮೊದಲು ಈ ವಾಲ್ವು, ಆಮೇಲೆ ಪಂಪು. ಸೋಸಿದ ನೀರು ಕಡಿಮೆಯಾಯಿತೆಂದು ಒತ್ತಡ ಏರಿಸಬೇಡಿ. ಜಿಡ್ಡಿನ ಪದರ ಇನ್ನಷ್ಟು ಗಟ್ಟಿಯಾಗುತ್ತದೆ, ನೀರು ಹೆಚ್ಚುವುದಿಲ್ಲ.

ಕೂಲಂಟಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8.5ರಿಂದ 9.5ರ ನಡುವೆ ಇರಲಿ. ಆಮ್ಲದ ಕಡೆಗೆ ಇಳಿದರೆ ಎಣ್ಣೆ ಒಡೆದು ಬಿಡಿಯಾಗಿ ಮೆಂಬ್ರೇನಿಗೆ ಮೆತ್ತಿಕೊಳ್ಳುತ್ತದೆ. ನೊರೆ ಬಂದರೆ ಸಿಲಿಕೋನ್ ನೊರೆನಾಶಕ ಹಾಕಲೇಬೇಡಿ. ಒಮ್ಮೆ ರಂಧ್ರದಲ್ಲಿ ಕೂತ ಸಿಲಿಕೋನನ್ನು ತೊಳೆಯಲು ಬಳಸುವ ಕಾಸ್ಟಿಕ್ ಸೋಡಾವೂ ತೆಗೆಯುವುದಿಲ್ಲ. ತೊಟ್ಟಿಗೆ ಮರಳುವ ಪೈಪಿನ ತುದಿಯನ್ನು ನೀರಿನೊಳಗೆ ಮುಳುಗಿಸಿಟ್ಟರೆ ನೊರೆ ಬಹಳಷ್ಟು ತಗ್ಗುತ್ತದೆ.

ನಮ್ಮ ಭಾಗದ ನಿಜವಾದ ತೊಂದರೆ ಬೋರ್ ನೀರು. ಸುಣ್ಣಕಲ್ಲಿನ ನೆಲದ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಅದು ಕೂಲಂಟಿನ ಸಾಬೂನಿನ ಜೊತೆ ಸೇರಿ ನೀರಿನಲ್ಲಿ ಕರಗದ, ಬೆಣ್ಣೆಯಂಥ ಅಂಟು ಆಗುತ್ತದೆ. ಬರೀ ಕಾಸ್ಟಿಕ್ ಸೋಡಾಕ್ಕೆ ಇದು ಪೂರ್ತಿ ಹೋಗುವುದಿಲ್ಲ. ಬೋರ್ ನೀರಿನಲ್ಲೇ ಕಾಸ್ಟಿಕ್ ಕರಗಿಸಿದರೆ ಬಿಳಿ ಗಸಿ ಬಿದ್ದು ಹೊಸ ತೊಂದರೆ. ಆದ್ದರಿಂದ ಕೂಲಂಟ್ ಕಲೆಸಲೂ ಮೆಂಬ್ರೇನ್ ತೊಳೆಯಲೂ ಸಾಫ್ಟನರ್ ನೀರನ್ನೇ (ಯಂತ್ರದಲ್ಲಿ ಗಡಸುತನ ತೆಗೆದ ನೀರು) ಬಳಸಬೇಕು. ನನ್ನ ಲೆಕ್ಕದಲ್ಲಿ ಇಡೀ ಘಟಕದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಬೇರೆ ಇಲ್ಲ.

ತೊಳೆಯುವ ಕ್ರಮ ಹೀಗೆ: ಉಗುರುಬೆಚ್ಚಗಿನ ಸಾಫ್ಟ್ ನೀರಿನಿಂದ ಎಣ್ಣೆ ಹೊರದೂಡಿ, 1.5 ಶೇಕಡಾ ಕಾಸ್ಟಿಕ್‌ಗೆ 0.5 ಶೇಕಡಾ ಇಡಿಟಿಎ (ಕ್ಯಾಲ್ಸಿಯಂ ಹಿಡಿದು ಕರಗಿಸುವ ರಾಸಾಯನಿಕ) ಸೇರಿಸಿ, 65 ಡಿಗ್ರಿಯಲ್ಲಿ 45 ನಿಮಿಷ ತಿರುಗಿಸಿ. ಪಿಎಚ್ 8ಕ್ಕೆ ಬರುವತನಕ ತೊಳೆದು, ಆಮೇಲೆ 0.5 ಶೇಕಡಾ ನೈಟ್ರಿಕ್ ಆಮ್ಲವನ್ನು 50 ಡಿಗ್ರಿಯಲ್ಲಿ 20 ನಿಮಿಷ ಓಡಿಸಿ. ಆಮ್ಲ ಮೊದಲು ಹಾಕಿದರೆ ಉಳಿದ ಸಾಬೂನು ಜಿಗುಟು ಕೊಬ್ಬಿನಾಮ್ಲವಾಗಿ ರಂಧ್ರದಲ್ಲೇ ಕೂರುತ್ತದೆ. ಸ್ಟೇನ್‌ಲೆಸ್ ಪೈಪು ಇರುವುದರಿಂದ ಹೈಡ್ರೋಕ್ಲೋರಿಕ್ ಆಮ್ಲ ಬೇಡ. ಬಿಸಿ ಕೊಳವೆಗೆ ತಣ್ಣೀರು ಒಮ್ಮೆಲೇ ಬಿಟ್ಟರೆ ಸೆರಾಮಿಕ್ ಸೀಳುತ್ತದೆ. ಗ್ಯಾಸ್ಕೆಟ್ಟಿಗೂ ಗಮನ ಬೇಕು: ಇಪಿಡಿಎಂ ರಬ್ಬರು ಎಣ್ಣೆಗೆ ಉಬ್ಬುತ್ತದೆ, ವಿಟಾನ್ ಎಂಬ ಇನ್ನೊಂದು ರಬ್ಬರು ಬಿಸಿ ಕಾಸ್ಟಿಕ್ಕಿಗೆ ಸವೆಯುತ್ತದೆ. ನಾವು ವಿಟಾನ್ ಹಾಕಿ ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತೇವೆ.

ತೊಳೆದ ಮೇಲೆ ಶುದ್ಧ ನೀರನ್ನು ಅದೇ ಒತ್ತಡ, ಅದೇ ಉಷ್ಣತೆಯಲ್ಲಿ ಹಾಯಿಸಿ ಅಳೆಯಿರಿ. ಹೊಸದರಲ್ಲಿದ್ದ ಪ್ರಮಾಣದ 90 ಶೇಕಡಾಕ್ಕಿಂತ ಕಡಿಮೆ ಬಂದರೆ ಇನ್ನೊಮ್ಮೆ ತೊಳೆಯಿರಿ. ಉಷ್ಣತೆ ಬರೆದಿಡದಿದ್ದರೆ ಆ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಬೇಸಿಗೆಯ ಬಿಸಿ ನೀರು ತೆಳ್ಳಗಾಗಿ ಸಲೀಸಾಗಿ ಹಾಯುತ್ತದೆ, ಮೆಂಬ್ರೇನ್ ಚೊಕ್ಕಟವಾಗಿದೆಯೆಂದು ಮೋಸ ಹೋಗುತ್ತೀರಿ.

ಸೋಸಿದ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮಿತಿಯೊಳಗೆ ಬರಬೇಕು. ಆದರೆ ಗ್ಲೈಕಾಲ್, ಕ್ರಿಮಿನಾಶಕದಂಥ ಕರಗಿದ ಪದಾರ್ಥಗಳನ್ನು ಮೆಂಬ್ರೇನ್ ತಡೆಯುವುದಿಲ್ಲ. ಸಿಒಡಿ (ನೀರಿನಲ್ಲಿರುವ ಸಾವಯವ ಕಲ್ಮಶದ ಅಳತೆ) ಹೆಚ್ಚೇ ಇರುತ್ತದೆ, ಜೈವಿಕ ಶುದ್ಧೀಕರಣಕ್ಕೆ ಕಳಿಸಲೇಬೇಕು. ತೊಟ್ಟಿಯಲ್ಲಿ ಉಳಿದ ಸುಮಾರು 75 ಲೀಟರ್ ಗಟ್ಟಿ ಎಣ್ಣೆ-ನೀರನ್ನು ಡ್ರಮ್ಮಿಗೆ ತುಂಬಿ, ಚೀಟಿ ಅಂಟಿಸಿ, 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಪರವಾನಗಿ ಇರುವವರಿಗೇ ಕೊಡಬೇಕು. ತೊಳೆದ ಕಾಸ್ಟಿಕ್ಕನ್ನೂ ಆಮ್ಲವನ್ನೂ ಬೇರೆ ಡ್ರಮ್ಮಿನಲ್ಲಿ ನಿಧಾನಕ್ಕೆ ಒಂದಕ್ಕೊಂದು ಸೇರಿಸಿ ತಟಸ್ಥ ಮಾಡಿ. ಕೂಲಂಟ್ ತೊಟ್ಟಿಗೆ ಮಾತ್ರ ಅದನ್ನು ಸುರಿಯಬೇಡಿ.