ಅಕ್ಷರ ಸರಿಯಿರಲಿ, ನಿದ್ದೆ ಕೆಡದಿರಲಿ: ಕಾಸರಗೋಡಿನಿಂದ ಪುಟ್ಟ ಮಗುವಿನೊಂದಿಗೆ ವಿದೇಶಕ್ಕೆ

ಕೊಲ್ಲಿಯಲ್ಲಿ ಒಬ್ಬ ನೆಂಟನಾದರೂ ಇಲ್ಲದ ಮನೆ ಮಂಜೇಶ್ವರದಿಂದ ಹೊಸದುರ್ಗದವರೆಗೆ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ವಿಮಾನ, ವೀಸಾ, ಲಗೇಜಿನ ತೂಕ ಯಾವುದೂ ಇಲ್ಲಿಯವರಿಗೆ ಹೊಸದಲ್ಲ. ಆದರೆ ಒಬ್ಬರೇ ಕೆಲಸಕ್ಕೆ ಹೋಗುವುದು ಬೇರೆ, ಎರಡು ಮೂರು ವರ್ಷದ ಮಗುವನ್ನು ಎತ್ತಿಕೊಂಡು ಒಂದು ವಾರ ತಿರುಗಿ ಬರುವುದು ಬೇರೆ. ಇಂಥ ಪ್ರವಾಸ ಎಡವುವುದು ಹೆಚ್ಚಾಗಿ ಎರಡು ಕಡೆ: ಕಾಗದದಲ್ಲಿ ಮಗುವಿನ ಹೆಸರಿನ ಅಕ್ಷರ, ಹೋದ ಊರಿನಲ್ಲಿ ಮಗುವಿನ ನಿದ್ದೆ. ಮೊದಲನೆಯದು ಟಿಕೆಟ್ಟಿನ ಹಣ ನುಂಗುತ್ತದೆ, ಎರಡನೆಯದು ಪ್ರವಾಸವನ್ನೇ ನುಂಗುತ್ತದೆ.

ಕಾಗದದ ಕೆಲಸಕ್ಕೆ ನಾಲ್ಕು ತಿಂಗಳು ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಬೇಗ ಬಂದರೂ ಜನನ ಪತ್ರ ತಿದ್ದಿಸಲು ಹೊತ್ತು ಹಿಡಿಯುತ್ತದೆ.

ಜನನ ಪತ್ರದಿಂದ ಶುರು

ಗಡಿನಾಡಿನ ಅರ್ಧದಷ್ಟು ಮಕ್ಕಳು ಮಂಗಳೂರಿನ ಆಸ್ಪತ್ರೆಗಳಲ್ಲೇ ಹುಟ್ಟುವುದೇನೋ ಎನ್ನುವಷ್ಟು ಜನ ಹೆರಿಗೆಗೆ ಅತ್ತ ಹೋಗುತ್ತಾರೆ. ಹುಟ್ಟಿದ್ದು ಎಲ್ಲೋ, ನೋಂದಣಿಯೂ ಅಲ್ಲೇ. ಅಂದರೆ ಮಗುವಿನ ಜನನ ಪತ್ರ ಕರ್ನಾಟಕದ್ದು, ಅಪ್ಪ ಅಮ್ಮನ ದಾಖಲೆಗಳು ಕೇರಳದವು. ತೊಡಕು ಹುಟ್ಟುವುದು ಇಲ್ಲೇ. ‘ಶ್ರೀ’ ಎಂಬ ಅಕ್ಷರವನ್ನು ಮಂಗಳೂರಿನಲ್ಲಿ ಇಂಗ್ಲಿಷಿಗೆ ಇಳಿಸುವಾಗ ಎಸ್-ಎಚ್-ಆರ್-ಐ ಎಂದು ಬರೆದರೆ, ಕೇರಳದ ಕಚೇರಿಯಲ್ಲಿ ಎಸ್-ಆರ್-ಇ-ಇ ಎಂದು ಬರೆಯುವುದು ರೂಢಿ. ಅಪ್ಪನ ಪಾಸ್‌ಪೋರ್ಟಿನಲ್ಲಿ ಒಂದು ಶ್ರೀಧರ, ಮಗುವಿನ ಜನನ ಪತ್ರದಲ್ಲಿ ಇನ್ನೊಂದು ಶ್ರೀಧರ. ಓದಿದರೆ ಒಂದೇ, ಕೌಂಟರಿನಲ್ಲಿ ಇಬ್ಬರು. ಇನಿಶಿಯಲ್ಲಿನ ಕಥೆಯೂ ಹಾಗೆಯೇ. ಜನನ ಪತ್ರದಲ್ಲಿ ‘ಕೆ.’ ಎಂದಷ್ಟೇ ಇದ್ದರೆ ಪಾಸ್‌ಪೋರ್ಟಿಗೆ ಅದನ್ನು ಬಿಡಿಸಿ ಬರೆಯಬೇಕು. ಅದು ಮನೆತನದ ಹೆಸರೋ, ಊರೋ, ಅಜ್ಜನ ಹೆಸರೋ ಎಂಬುದು ಎಲ್ಲ ಕಾಗದಗಳಲ್ಲೂ ಒಂದೇ ಆಗಿರಬೇಕು.

ಆದ್ದರಿಂದ ಮೂವರ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ. ತಿದ್ದಬೇಕಿದ್ದರೆ ಮಗುವಿನ ಜನನ ಪತ್ರವನ್ನು ಅಪ್ಪ ಅಮ್ಮನ ಪಾಸ್‌ಪೋರ್ಟಿಗೆ ಸರಿಹೊಂದಿಸುವುದು ಸುಲಭ. ತಿದ್ದುಪಡಿ ಆಗುವುದು ನೋಂದಣಿಯಾದ ಕಡೆಯಲ್ಲೇ. ಮಂಗಳೂರಿನಲ್ಲಿ ಹುಟ್ಟಿದ ಮಗುವಿನ ಪತ್ರವನ್ನು ಬದಿಯಡ್ಕದ ಪಂಚಾಯತಿನಲ್ಲಿ ಕೊಟ್ಟು ಪ್ರಯೋಜನವಿಲ್ಲ. ಮಗುವಿನ ಹೆಸರನ್ನೇ ಸೇರಿಸದ ಪತ್ರವಿದ್ದರೆ ಮೊದಲು ಅದನ್ನು ಸೇರಿಸಿ: ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲ, ಅದು ದಾಟಿದರೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪತ್ರ ಬಿಟ್ಟು ಬೇರೇನೂ ನಡೆಯುವುದಿಲ್ಲ.

ಮಗುವಿನ ಪಾಸ್‌ಪೋರ್ಟ್

ಕಾಸರಗೋಡು ಜಿಲ್ಲೆ ಕೋಝಿಕ್ಕೋಡಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಯಲ್ಲಿದೆ. ಅಪಾಯಿಂಟ್‌ಮೆಂಟನ್ನು ಕಾಸರಗೋಡಿನ ಅಂಚೆ ಕಚೇರಿ ಕೇಂದ್ರದಲ್ಲೋ ಪಯ್ಯನ್ನೂರಿನಲ್ಲೋ ತೆಗೆದುಕೊಳ್ಳಬಹುದು. ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಹಾಕುವ ಅವಕಾಶ 2018ರಿಂದ ಇರುವುದರಿಂದ ಮಂಜೇಶ್ವರ, ಉಪ್ಪಳ ಕಡೆಯವರಿಗೆ ಮಂಗಳೂರೂ ಆಗುತ್ತದೆ.

ಸಾಮಾನ್ಯ ಅರ್ಜಿಗೆ ಮಕ್ಕಳ ಶುಲ್ಕ 1000 ರೂಪಾಯಿ. ಎಂಟು ವರ್ಷದೊಳಗಿನವರ ಹೊಸ ಅರ್ಜಿಗೆ ಶೇ. 10 ರಿಯಾಯಿತಿ, ಅಂದರೆ 900. ಮಗುವನ್ನು ಕರೆದುಕೊಂಡೇ ಹೋಗಬೇಕು. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ, 4.5 × 3.5 ಸೆಂಟಿಮೀಟರಿನ ಫೋಟೋ ಕೈಯಲ್ಲಿರಲಿ. ಬಿಳಿ ಅಂಗಿ ತೊಡಿಸಿ ತೆಗೆಸಬೇಡಿ, ಹಿನ್ನೆಲೆಯಲ್ಲಿ ಮಗುವಿನ ಹೆಗಲೇ ಕಾಣದೆ ಹೋಗುತ್ತದೆ. ‘ಅನೆಕ್ಷರ್ ಡಿ’ ಎಂಬ ಘೋಷಣೆಗೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಬೇಕು. ಅಪ್ಪ ಶಾರ್ಜಾದಲ್ಲೋ ದೋಹಾದಲ್ಲೋ ಇದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅದನ್ನು ದೃಢೀಕರಿಸಿ ಮೂಲ ಪ್ರತಿ ಕಳುಹಿಸಬೇಕು. ಊರಿಗೆ ಬರುವವರ ಕೈಯಲ್ಲಿ ಕಳುಹಿಸೋಣ ಎಂದು ಕಾದು ಅಪಾಯಿಂಟ್‌ಮೆಂಟ್ ತಪ್ಪಿಸಿಕೊಳ್ಳುವವರು ಕಡಿಮೆಯಲ್ಲ, ಕೊರಿಯರ್ ಮಾಡಿಸಿ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಮಗುವಿಗೆ ಸಾಮಾನ್ಯವಾಗಿ ಪೊಲೀಸ್ ಪರಿಶೀಲನೆ ಇರುವುದಿಲ್ಲ.

ಅರ್ಜಿಯಲ್ಲಿ ‘ಸರ್‌ನೇಮ್’ ಕಾಲಂ ಖಾಲಿ ಬಿಡಬೇಡಿ. ನಮ್ಮಲ್ಲಿ ಒಂದೇ ಹೆಸರು ಇಡುವ ಮನೆಗಳು ಬಹಳ. ಆದರೆ 2022ರ ನವೆಂಬರಿನಿಂದ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಪ್ರವಾಸಿ ವೀಸಾದಲ್ಲಿ ಬಿಟ್ಟುಕೊಳ್ಳುತ್ತಿಲ್ಲ. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆಗಬಹುದು ಎಂಬ ಸ್ಪಷ್ಟನೆ ಆಮೇಲೆ ಬಂತು. ಹಾಗೆಂದು ಚೆಕ್-ಇನ್ ಕೌಂಟರಿನ ಮುಂದೆ ಅಳುವ ಮಗುವನ್ನು ಎತ್ತಿಕೊಂಡು ಆ ವಾದ ಮಾಡುವ ಪಾಡು ಯಾಕೆ? ಅಪ್ಪನ ಹೆಸರನ್ನೇ ಸರ್‌ನೇಮ್ ಆಗಿ ತುಂಬಿಸಿದರೆ ಮುಗಿಯಿತು.

ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯುಸ್ಸು. ಹೆಚ್ಚಿನ ದೇಶಗಳು ಆರು ತಿಂಗಳ ಅವಧಿ ಬಾಕಿ ಇರಲೇಬೇಕೆನ್ನುತ್ತವೆ, ಹಾಗಾಗಿ ಬಳಕೆಗೆ ಸಿಗುವುದು ನಾಲ್ಕೂವರೆ ವರ್ಷ. ಹಸುಗೂಸಿಗೆ ಮಾಡಿಸಿದ್ದನ್ನು ನಾಲ್ಕು ತುಂಬಿದ ಮೇಲೆ ಮತ್ತೊಮ್ಮೆ ತೆಗೆದು ನೋಡಿ.

ಎಲ್ಲಿಗೆ, ಯಾವಾಗ

ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೂ ಕೇರಳದ ರಜೆಯೇ: ಏಪ್ರಿಲ್-ಮೇ, ಓಣಂ, ಕ್ರಿಸ್‌ಮಸ್. ಪುತ್ತೂರಿನ ಅಕ್ಕನ ಮಕ್ಕಳೊಂದಿಗೆ ದಸರಾ ರಜೆಯಲ್ಲಿ ಹೋಗೋಣವೆಂದರೆ ಇಲ್ಲಿ ಶಾಲೆ ಇರುತ್ತದೆ. ಮಗು ಇನ್ನೂ ಶಾಲೆಗೆ ಸೇರಿಲ್ಲದಿದ್ದರೆ ನೀವು ಅದೃಷ್ಟವಂತರು. ನವೆಂಬರ್ ಕೊನೆ ಅಥವಾ ಫೆಬ್ರವರಿಯಲ್ಲಿ ಹೊರಡಿ, ಟಿಕೆಟ್ಟೂ ಅಗ್ಗ, ದುಬೈಯ ಹವೆಯೂ ಹಿತ. ಓಣಂ ರಜೆಗೆ ಕೊಲ್ಲಿ ಬೇಡವೇ ಬೇಡ. ಆಗಸ್ಟ್-ಸೆಪ್ಟೆಂಬರಿನಲ್ಲಿ ಅಲ್ಲಿ ಹಗಲು 40 ಡಿಗ್ರಿ ದಾಟುತ್ತದೆ, ಮಗುವಿನೊಂದಿಗೆ ಮಾಲಿನಿಂದ ಮಾಲಿಗೆ ಓಡಾಡುವುದೊಂದೇ ಉಳಿಯುತ್ತದೆ. ಏಪ್ರಿಲ್-ಮೇಯಲ್ಲಿ ಹೋಗಲೇಬೇಕಾದವರಿಗೆ ಸಿಂಗಪುರ, ಮಲೇಷ್ಯಾ ವಾಸಿ. ಅಲ್ಲಿ ವರ್ಷವಿಡೀ ನಮ್ಮ ಮಳೆಗಾಲದ ಮೊದಲಿನ ಸೆಕೆ, ಮಧ್ಯಾಹ್ನ ಒಂದು ಮಳೆ. ಥಾಯ್ಲೆಂಡಿಗೆ ಏಪ್ರಿಲ್ ಅತಿ ಬಿಸಿಯ ತಿಂಗಳು.

ಮೊದಲ ಪ್ರವಾಸಕ್ಕೆ ಒಂದೇ ಊರು, ಒಂದೇ ಹೋಟೆಲು. ಏಳು ದಿನದಲ್ಲಿ ಮೂರು ದೇಶ ತೋರಿಸುವ ಪ್ಯಾಕೇಜು ಮಕ್ಕಳಿರುವವರಿಗಲ್ಲ. ಹಾಸಿಗೆ ಬದಲಾದ ಪ್ರತಿಸಲವೂ ಮಗುವಿಗೆ ಒಂದು ರಾತ್ರಿಯ ನಿದ್ದೆ ನಷ್ಟ.

ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ, ಹೊರಡುವ ಮೊದಲು ಆಯಾ ದೇಶದ ಸರ್ಕಾರಿ ತಾಣವನ್ನೇ ನೋಡಿ. ಮಲೇಷ್ಯಾ 2026ರ ಡಿಸೆಂಬರ್ 31ರವರೆಗೆ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದೆ. ಸಿಂಗಪುರಕ್ಕೆ ಮಗುವಿಗೂ ಪ್ರತ್ಯೇಕ ವೀಸಾ ಬೇಕು. ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಮೂರೂ ದೇಶಗಳು ಇಳಿಯುವುದಕ್ಕೆ ಮೊದಲಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಿಸಬೇಕೆನ್ನುತ್ತವೆ, ಕಂಕುಳ ಕೂಸಿಗೂ ಸೇರಿ. ಮೂರೂ ಉಚಿತ. ದುಡ್ಡು ಕೇಳುವ ತಾಣ ಸಿಕ್ಕಿದರೆ ಅದು ಸರ್ಕಾರದ್ದಲ್ಲ ಎಂದು ತಿಳಿದು ಮುಚ್ಚಿ.

ಟಿಕೆಟ್ ಮತ್ತು ವಿಮಾನ ನಿಲ್ದಾಣ

ಎರಡು ವರ್ಷ ತುಂಬದ ಮಗು ಮಡಿಲಲ್ಲಿ, ತುಂಬಿದ ಮೇಲೆ ಸ್ವಂತ ಸೀಟಿನಲ್ಲಿ. ಪ್ರವಾಸದ ನಡುವೆ ಎರಡನೇ ಹುಟ್ಟುಹಬ್ಬ ಬಂದರೆ ಮರಳುವ ಟಿಕೆಟಿಗೆ ಸೀಟು ಬೇಕು. ಇದನ್ನು ಬುಕ್ ಮಾಡುವಾಗಲೇ ಹೇಳಿ. ತೊಟ್ಟಿಲು ಸಿಗುವುದು ಸಾಮಾನ್ಯವಾಗಿ ದೊಡ್ಡ ವಿಮಾನಗಳಲ್ಲಿ, ಅದೂ ಸುಮಾರು 10-11 ಕಿಲೋದೊಳಗಿನ ಕೂಸಿಗೆ. ಮಂಗಳೂರಿನಿಂದ ಹಾರುವ ಸಣ್ಣ ವಿಮಾನಗಳಲ್ಲಿ ಅದನ್ನು ನೆಚ್ಚಬೇಡಿ.

ಕೊಲ್ಲಿಗೆ ಮಂಗಳೂರು, ಕಣ್ಣೂರು ಎರಡೂ ಕಡೆಯಿಂದ ನೇರ ವಿಮಾನವಿದೆ. ಕಾಸರಗೋಡು ಪೇಟೆಯಿಂದ ಮಂಗಳೂರು ನಿಲ್ದಾಣ ಹತ್ತಿರ, ಕಾಞಂಗಾಡಿನಿಂದ ತೆಂಕಕ್ಕೆ ಇರುವವರು ಮಟ್ಟನ್ನೂರಿನ ಕಣ್ಣೂರು ನಿಲ್ದಾಣದ ದರವನ್ನೂ ನೋಡಬಹುದು. ಸಿಂಗಪುರದಂಥ ಕಡೆಗೆ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ವಿಮಾನ ಬದಲಿಸಬೇಕಾದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿರಲಿ. ಮಂಗಳೂರಿನದು ಗುಡ್ಡದ ಮೇಲಿನ ಟೇಬಲ್-ಟಾಪ್ ರನ್‌ವೇ. ಮಳೆಗಾಲದಲ್ಲಿ ಮೋಡ ಕವಿದರೆ ವಿಮಾನ ತಡವಾಗುವುದು, ಬೇರೆ ಊರಿಗೆ ತಿರುಗುವುದು ಇದ್ದದ್ದೇ. ಒಂದೇ ಪಿಎನ್‌ಆರ್ ಆದರೆ ಮುಂದಿನ ವಿಮಾನದ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ಹಣವೂ ಹೋಯಿತು, ನಡುರಾತ್ರಿ ಪೆಟ್ಟಿಗೆ ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡುವ ಕೆಲಸವೂ ಬಂತು.

ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಿ. ತಲಪಾಡಿಯಲ್ಲೋ ಪಂಪ್‌ವೆಲ್‌ನಲ್ಲೋ ಸಿಕ್ಕಿಬೀಳುವ ಅರ್ಧ ಗಂಟೆ ಬೇರೆಯೇ ಇಟ್ಟುಕೊಳ್ಳಿ. ಮಡಚುವ ಸ್ಟ್ರೋಲರನ್ನು ವಿಮಾನದ ಬಾಗಿಲವರೆಗೂ ಒಯ್ದು ಅಲ್ಲಿ ಕೊಡಬಹುದು. ದ್ರವಕ್ಕೆ 100 ಮಿಲಿಲೀಟರಿನ ಮಿತಿ ಇದ್ದರೂ ಪ್ರಯಾಣದ ಹೊತ್ತಿಗೆ ಬೇಕಾದಷ್ಟು ಮಗುವಿನ ಹಾಲು, ಆಹಾರಕ್ಕೆ ವಿನಾಯಿತಿ ಇದೆ. ಭದ್ರತೆಯವರಿಗೆ ಮೊದಲೇ ತೆಗೆದು ತೋರಿಸಿ.

ಕಿವಿನೋವು ಬರುವುದು ಏರುವಾಗಕ್ಕಿಂತ ಇಳಿಯುವಾಗ ಹೆಚ್ಚು. ಹೊರಗಿನ ಒತ್ತಡ ಏರಿದಂತೆ ಕಿವಿಯೊಳಗಿನ ಸಣ್ಣ ನಳಿಗೆ ತೆರೆದುಕೊಳ್ಳಬೇಕು, ಅದು ತೆರೆಯುವುದು ನುಂಗುವಾಗ. ಇಳಿಯುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ವಿಮಾನ ತಗ್ಗತೊಡಗುತ್ತದೆ. ಮಗುವನ್ನು ಆಗಲೇ ಎಬ್ಬಿಸಿ ಮೊಲೆಹಾಲೋ ನೀರೋ ಗುಟುಕು ಗುಟುಕಾಗಿ ಕೊಡಿ. ಶೀತವಿದ್ದರೆ ನೋವು ಜಾಸ್ತಿ, ಹೊರಡುವ ಮೊದಲು ವೈದ್ಯರಿಗೆ ತೋರಿಸಿ.

ಪೆಟ್ಟಿಗೆಯೊಳಗೆ

ಅಜ್ಜಿ ಜೊತೆಗೆ ಬರುವುದಾದರೆ ಅವರ ತಾಂಬೂಲದ ಚೀಲ ಮನೆಯಲ್ಲೇ ಉಳಿಯಲಿ. ವೀಳ್ಯದೆಲೆ ಯುಎಇಯ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ. ಅದಕ್ಕಿಂತ ಅಪಾಯ ಗಸಗಸೆ. ಅಲ್ಲಿ ಅದು ಮಾದಕವಸ್ತುವಿನ ಸಾಲಿಗೆ ಸೇರುತ್ತದೆ, ಜೈಲಿನವರೆಗೆ ಹೋಗುತ್ತದೆ. ನೆಂಟರಿಗೆಂದು ಕಟ್ಟಿದ ಮಸಾಲೆ ಪುಡಿಯಲ್ಲಿ ಗಸಗಸೆ ಬಿದ್ದಿದೆಯೇ ಎಂದು ಮಾಡಿದವರನ್ನೇ ಕೇಳಿ. ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಿ ಬೆಂಕಿ ಹಿಡಿಯುವ ಭಯವಿರುವುದರಿಂದ ವಿಮಾನಗಳಲ್ಲಿ ಅದಕ್ಕೆ ತಡೆ ಇದೆ, ತೋಟದ್ದೇ ಆದರೂ ಒಯ್ಯಬೇಡಿ.

ಔಷಧಿಯನ್ನು ಮೂಲ ಡಬ್ಬಿಯಲ್ಲೇ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಇಟ್ಟುಕೊಳ್ಳಿ. ಕೊಡೀನ್ ಇರುವ ಕೆಮ್ಮಿನ ಔಷಧಿ ಕೊಲ್ಲಿಗೆ ಬೇಡ. ಜ್ವರದ ಪ್ಯಾರಸಿಟಮಾಲ್ ಸಿರಪ್ಪು ನಮ್ಮಲ್ಲಿ ಎರಡು ಬಲದ್ದು ಸಿಗುತ್ತದೆ: 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ, 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಪ್ರಮಾಣ ಸುಮಾರು ದುಪ್ಪಟ್ಟೋ ಅರ್ಧವೋ ಆಗುತ್ತದೆ. ಸಾಮಾನ್ಯ ಲೆಕ್ಕ ಕಿಲೋ ತೂಕಕ್ಕೆ 10-15 ಮಿಲಿಗ್ರಾಂ. 12 ಕಿಲೋ ಮಗುವಿಗೆ ಮೊದಲನೆಯದಾದರೆ 5 ಮಿಲಿಲೀಟರು, ಎರಡನೆಯದಾದರೆ ಸುಮಾರು ಎರಡೂವರೆ. ನಿಮ್ಮ ಮಗುವಿನ ಪ್ರಮಾಣವನ್ನು ಮಕ್ಕಳ ವೈದ್ಯರಿಂದ ಬರೆಸಿ ಬಾಟಲಿಗೇ ಅಂಟಿಸಿ. ನಾಲ್ಕು ಪೊಟ್ಟಣ ಓಆರ್‌ಎಸ್, ಒಂದು ಥರ್ಮಾಮೀಟರು ಸಾಕು.

ಊಟಕ್ಕೆ ರಾಗಿ ಮಣ್ಣಿಯ ಪುಡಿ, ತೆಳು ಅವಲಕ್ಕಿ, ನೇಂದ್ರ ಬಾಳೆಕಾಯಿ ಪುಡಿ. ಮೂರಕ್ಕೂ ಬಿಸಿನೀರೋ ಐದು ನಿಮಿಷದ ಉರಿಯೋ ಸಾಕು. ಕುಚ್ಚಿಲಕ್ಕಿ ಒಯ್ದರೆ ಗಂಜಿ ಬೇಯುವಷ್ಟರಲ್ಲಿ ಮಗು ಹಸಿದು ಮಲಗಿರುತ್ತದೆ. ಅಡುಗೆಮೂಲೆ ಇರುವ ಅಪಾರ್ಟ್‌ಮೆಂಟ್ ಹೋಟೆಲು ಸ್ವಲ್ಪ ದುಬಾರಿಯಾದರೂ ಊಟದ ಖರ್ಚಿನಲ್ಲಿ ಅದು ಮರಳಿ ಬರುತ್ತದೆ. ದುಬೈ, ಸಿಂಗಪುರ, ಮಲೇಷ್ಯಾ ಮೂರರಲ್ಲೂ ಚೌಕ ಮೂರು ಕಡ್ಡಿಯ ಪ್ಲಗ್ಗು, ಒಂದು ಅಡಾಪ್ಟರು ಇರಲಿ.

ಅಲ್ಲಿ ಇಳಿದ ಮೇಲೆ

ದಿನಕ್ಕೆ ಒಂದೇ ಜಾಗ, ಅದೂ ಬೆಳಿಗ್ಗೆ. ಮಧ್ಯಾಹ್ನ ಕೋಣೆಗೆ ಮರಳಿ ಮಗುವನ್ನು ಹಾಸಿಗೆಯಲ್ಲಿ ಮಲಗಿಸಿ. ಸಂಜೆ ಹತ್ತಿರದ ಪಾರ್ಕೋ ಕಡಲ ದಡವೋ ಸಾಕು. ಸ್ಟ್ರೋಲರಿನಲ್ಲೇ ಮಲಗುತ್ತದೆ ಬಿಡಿ ಎಂದು ಎರಡನೇ ಜಾಗಕ್ಕೆ ಹೊರಟವರ ಮಗು ಸಂಜೆ ಆರಕ್ಕೆ ರಚ್ಚೆ ಹಿಡಿಯುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ ಮಗು ಬೆಳಗಿನ ಜಾವವೇ ಏಳುತ್ತದೆ. ಅದನ್ನು ತಿದ್ದಲು ಹೋಗದೆ ಬೇಗ ಹೊರಟು ಬೇಗ ಮಲಗಿ. ಸಿಂಗಪುರ ಎರಡೂವರೆ ಗಂಟೆ ಮುಂದೆ, ಅಲ್ಲಿ ಮಗು ರಾತ್ರಿ ತಡವಾಗಿ ಮಲಗಿ ತಡವಾಗಿ ಏಳುತ್ತದೆ. ಎಂಟಕ್ಕೆ ಹೊರಡುವ ಟೂರ್ ಬಸ್ಸು ಬುಕ್ ಮಾಡಬೇಡಿ.

ದುಬೈ ಮೆಟ್ರೋದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಸಿಂಗಪುರದಲ್ಲಿ ಎತ್ತರದ ಲೆಕ್ಕ, 90 ಸೆಂಟಿಮೀಟರಿನೊಳಗೆ ಉಚಿತ. ಎರಡೂ ಕಡೆ ರೈಲಿನೊಳಗೆ ತಿಂದರೆ ದಂಡ. ಮಗುವಿನ ಕೈಯ ಬಿಸ್ಕೆಟನ್ನು ಗೇಟಿನ ಮೊದಲೇ ಮುಗಿಸಿ. ಯುಎಇಯಲ್ಲಿ ನಾಲ್ಕು ವರ್ಷದವರೆಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ, ನೆಂಟರ ಕಾರಾದರೂ ಅಷ್ಟೆ. ಸಿಂಗಪುರದಲ್ಲಿ ಟ್ಯಾಕ್ಸಿಗೆ ಇದರಿಂದ ವಿನಾಯಿತಿ ಇದೆ, ಆ್ಯಪಿನಲ್ಲಿ ಕರೆಸುವ ಖಾಸಗಿ ಕಾರಿಗೆ ಇಲ್ಲ. ಅಲ್ಲಿನ ಗಾರ್ಡನ್ಸ್ ಬೈ ದ ಬೇಯಲ್ಲಿರುವ ಮಕ್ಕಳ ಉದ್ಯಾನಕ್ಕೆ ಪ್ರವೇಶ ಉಚಿತ, ನೀರಾಟವಿದೆ, ಸೋಮವಾರ ರಜೆ. ಬದಲಿ ಬಟ್ಟೆ, ಟವೆಲು ಮರೆಯಬೇಡಿ.

ಮರಳುವ ಟಿಕೆಟನ್ನು ಶಾಲೆ ಅಥವಾ ಕೆಲಸ ಶುರುವಾಗುವುದಕ್ಕೆ ಎರಡು ದಿನ ಮೊದಲಿಗೆ ಮಾಡಿಸಿ. ಕೊಲ್ಲಿಯ ವಿಮಾನ ಬೆಳಗಿನ ಜಾವ ಇಳಿಯುವಂತಿದ್ದರೆ ಕರೆತರುವ ಕಾರನ್ನು ಊರಿನಿಂದಲೇ ಗೊತ್ತುಮಾಡಿ. ನಿಲ್ದಾಣದಲ್ಲೇ ಟ್ಯಾಕ್ಸಿ ಹಿಡಿಯುವುದಾದರೆ ಗಡಿ ದಾಟುವ ಪರ್ಮಿಟ್ ಇದೆಯೇ ಎಂದು ಪೆಟ್ಟಿಗೆ ಡಿಕ್ಕಿಗೆ ಹಾಕುವ ಮೊದಲು ಕೇಳಿ.