ಹಳೆಯ ಫೋಟೋದ ಬೆನ್ನ ಮೇಲಿನ ಬರಹವನ್ನು ಓದುವ ಬಗೆ

ಹುಬ್ಬಳ್ಳಿಯ ಮೋಡಕಾ (ಗುಜರಿ) ಅಂಗಡಿಗಳಿಗೆ ಹಳೆಯ ಕಪಾಟು, ಟ್ರಂಕುಗಳ ಜೊತೆಗೆ ಯಾರದೋ ಮನೆಯ ಕಟ್ಟು ಹಾಕಿದ ಫೋಟೋಗಳೂ ಬಂದು ಬೀಳುತ್ತವೆ. ಕೊಳ್ಳುವವರು ಕಟ್ಟಿನ ಸಾಗವಾನಿಯನ್ನು ನೋಡಿ ದರ ಕೇಳುತ್ತಾರೆ, ಒಳಗಿನ ಚಿತ್ರವನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಅಂಥ ಫೋಟೋ ನಿಮ್ಮ ಕೈಗೆ ಬಂದರೆ, ಅಥವಾ ನಿಮ್ಮದೇ ಮನೆಯ ಟ್ರಂಕಿನಲ್ಲಿ ಸಿಕ್ಕರೆ, ಮೊದಲು ಅದನ್ನು ತಿರುವಿ ನೋಡಿರಿ. ಆ ಮುಖಗಳಿಗೆ ಹೆಸರು, ಊರು, ಕಾಲ ಸಿಗಲು ಹಿಂಬದಿಯ ಎರಡು ಸಾಲುಗಳನ್ನು ಬಿಟ್ಟರೆ ಬಹಳ ಸಲ ಬೇರೆ ದಾರಿ ಇರುವುದಿಲ್ಲ.

ಗಾಜಿಗೆ ಅಂಟಿದ ಫೋಟೋವನ್ನು ಎಳೆಯಬೇಡಿರಿ. ಕಟ್ಟಿನ ಹಿಂದಿನ ಮೊಳೆಗಳನ್ನು ತೆಗೆದು, ರಟ್ಟನ್ನು ಸರಿಸಿ, ಕಾಣುವಷ್ಟನ್ನೇ ಓದಿರಿ. ಧೂಳಿದ್ದರೆ ಮೃದುವಾದ ಒಣ ಕುಂಚದಿಂದ ಮಾತ್ರ ಒರೆಸಿರಿ, ಹಸಿ ಬಟ್ಟೆಯನ್ನು ಹತ್ತಿರ ತರಬೇಡಿರಿ. ಇದಕ್ಕೆ ಕಾರಣವಿದೆ. ಹಿಂದಿನವರು ಬಳಸುತ್ತಿದ್ದ ಕಾಪಿಂಗ್ ಪೆನ್ಸಿಲ್ಲಿನ ಗೆರೆ ಒಣಗಿದಾಗ ಸಾದಾ ಸೀಸದ ಕಡ್ಡಿಯ ಗೆರೆಯಂತೆಯೇ ಕಾಣುತ್ತದೆ, ಆದರೆ ತೇವ ತಗುಲಿದ ಕೂಡಲೆ ನೇರಳೆ ಬಣ್ಣವಾಗಿ ಹರಡಿ, ಒಂದು ಕ್ಷಣದಲ್ಲಿ ಇಡೀ ಸಾಲನ್ನು ನುಂಗಿಬಿಡುತ್ತದೆ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕದೆ, ಗಾಳಿ ಒಣಗಿರುವ ದಿನಗಳಿಗೆ ಕಾಯುವುದು ಒಳ್ಳೆಯದು.

ಶಾಯಿ ಮಾಸಿದ್ದರೆ ಕೋಣೆಯನ್ನು ಕತ್ತಲು ಮಾಡಿ, ಬ್ಯಾಟರಿಯನ್ನು ಫೋಟೋದ ಮಗ್ಗುಲಲ್ಲಿ ಮಲಗಿಸಿ ಬೆಳಕು ಬಿಡಿರಿ. ಬಣ್ಣ ಹೋದರೂ ಮೊನೆ ಒತ್ತಿದ ತಗ್ಗು ಉಳಿದಿರುತ್ತದೆ, ಓರೆ ಬೆಳಕಿನಲ್ಲಿ ಅದು ನೆರಳಾಗಿ ಏಳುತ್ತದೆ. ಅಲ್ಬಮ್ಮಿನಿಂದ ಕಿತ್ತ ಫೋಟೋ ಆಗಿದ್ದರೆ ಆ ಹಾಳೆಯನ್ನೂ ನೋಡಬೇಕು. ಶಾಯಿ ಅಲ್ಲಿಗೆ ಇಳಿದು ತಿರುಗುಮುರುಗಾಗಿ ಮೂಡಿದ್ದರೆ, ಮೊಬೈಲಿನಲ್ಲಿ ಚಿತ್ರ ತೆಗೆದು ಎಡಬಲ ತಿರುವಿದರೆ ಓದಲು ಬರುತ್ತದೆ. ಮುಂಬದಿ, ಹಿಂಬದಿ ಎರಡನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಎರಡಕ್ಕೂ ಒಂದೇ ಸಂಖ್ಯೆ ಕೊಡಿರಿ.

ಅನಂತರ ಇದ್ದದ್ದನ್ನು ಇದ್ದಂತೆಯೇ ನಕಲು ಮಾಡಬೇಕು. ಕಾಗುಣಿತ ತಪ್ಪಿದ್ದರೂ ತಿದ್ದಬಾರದು, ಸಾಲು ಎಲ್ಲಿ ಮುರಿದಿದೆಯೋ ಅಲ್ಲಿಯೇ ಮುರಿಯಬೇಕು, ಓದಲಾಗದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡಬೇಕು. ಅಂಕಿಗಳಲ್ಲಿ ವಿಶೇಷ ಎಚ್ಚರ ಬೇಕು: ಅವಸರದ ಕೈಯಲ್ಲಿ ೧ ಮತ್ತು ೦, ೨ ಮತ್ತು ೩ ಒಂದರಂತೊಂದು ಕಾಣುತ್ತವೆ, ಮರಾಠಿ ಶಾಲೆಯಲ್ಲಿ ಕಲಿತವರು ಕನ್ನಡ ಸಾಲಿನ ನಡುವೆ ದೇವನಾಗರಿ ಅಂಕಿಗಳನ್ನೂ ಬರೆದಿರುತ್ತಾರೆ.

ನಮ್ಮ ಭಾಗದ ಬರಹಗಳಲ್ಲಿ ಹೆಚ್ಚು ಹೊತ್ತು ಬೇಡುವವು ಚುಟುಕು ಅಕ್ಷರಗಳು. ‘ತಾ.’ ಎಂಬುದು ತಾರೀಖೂ ಆಗಬಹುದು, ತಾಲೂಕೂ ಆಗಬಹುದು. ಮುಂದೆ ಅಂಕಿ ಇದೆಯೋ ಊರಿದೆಯೋ ನೋಡಿ ತಿಳಿಯಬೇಕು. ‘ಮು. ಪೋ.’ ಎಂದರೆ ಮುಕ್ಕಾಂ ಪೋಸ್ಟ್, ‘ಸಾ.’ ಎಂದರೆ ಸಾಕಿನ್, ಅಂದರೆ ವಾಸದ ಊರು, ‘ಇ. ಸ.’ ಎಂದರೆ ಇಸವಿ ಸನ್. ಇನ್ನು ಹೆಸರಿಗೆ ಮೊದಲು ಬರುವ ‘ಚಿ.’ (ಚಿರಂಜೀವಿ), ‘ತೀ.’ (ತೀರ್ಥರೂಪ), ‘ಲಿಂ.’, ‘ಗಂ. ಭಾ.’ ಇವು ಬರೀ ಗೌರವದ ಮಾತುಗಳಲ್ಲ, ಕಾಲವನ್ನೂ ಹೇಳುತ್ತವೆ. ಫೋಟೋದಲ್ಲಿ ಹಣೆತುಂಬ ಕುಂಕುಮವಿಟ್ಟು, ಗಂಡನ ಪಕ್ಕದಲ್ಲಿ ಕುಳಿತ ತಾಯಿಯ ಹೆಸರಿಗೆ ಹಿಂಬದಿಯಲ್ಲಿ ‘ಗಂ. ಭಾ.’, ಅಂದರೆ ಗಂಗಾಭಾಗೀರಥಿ ಎಂದು ಬರೆದಿದ್ದರೆ, ಆ ಬರಹ ಆಕೆಯ ಪತಿ ತೀರಿಕೊಂಡ ಮೇಲೆ ಬಂದದ್ದು. ನಗುತ್ತ ನಿಂತವರ ಹೆಸರಿಗೆ ‘ಲಿಂ.’ ಸೇರಿದ್ದರೆ, ಅವರು ಲಿಂಗೈಕ್ಯರಾದ ಮೇಲೆ ಯಾರೋ ಕುಳಿತು ನೆನಪಿನಿಂದ ಬರೆದಿದ್ದಾರೆ. ಆದ್ದರಿಂದ ಚಿತ್ರದ ವಯಸ್ಸೇ ಬರಹದ ವಯಸ್ಸು ಎಂದು ಎಂದಿಗೂ ತಿಳಿಯಬೇಡಿರಿ. ಬರಹ ತಡವಾದಷ್ಟೂ ಅದರಲ್ಲಿನ ತಾರೀಖನ್ನು ಇನ್ನೊಂದು ಕಡೆಯಿಂದ ತಾಳೆ ನೋಡುವ ಅಗತ್ಯ ಹೆಚ್ಚುತ್ತದೆ.

ನನಗೆ ಸಿಕ್ಕ ಒಂದು ಮದುವೆಯ ಫೋಟೋದ ಹಿಂದೆ ನೀಲಿ ಶಾಯಿಯಲ್ಲಿ ಹೀಗಿದೆ: ‘ಸಣ್ಣಕ್ಕನ ಲಗ್ನ. ಶಾರ್ವರಿ ಸಂ. ವೈಶಾಖ. ಕಾಕಾ ತಗಸಿದ್ದು.’ ಮೂಲೆಯಲ್ಲಿ ಬೇರೆಯ ಕೈಯಲ್ಲಿ, ಸೀಸದ ಕಡ್ಡಿಯಿಂದ: ‘೩ ಕಾಪಿ, ೭೫ ನ. ಪೈ.’ ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಈ ಶಾರ್ವರಿ 1900 ಆಗಬಹುದು, 1960 ಆಗಬಹುದು, 2020 ಕೂಡ ಆಗಬಹುದು. ಇದನ್ನು ಬಗೆಹರಿಸಿದ್ದು ಮೂಲೆಯ ಲೆಕ್ಕ: ‘ನ. ಪೈ.’ ಎಂದರೆ ನಯಾ ಪೈಸೆ, ಆ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ, ‘ನಯಾ ಪೈಸೆ’ಯ ‘ನಯಾ’ ಬಿಟ್ಟುಹೋದದ್ದು 1964ರಲ್ಲಿ. ಹೀಗಾಗಿ ಇದು 1960ರ ವೈಶಾಖ. (ಶಾಲಿವಾಹನ ಶಕೆ ಕೊಟ್ಟಿದ್ದರೆ ಇಸವಿ ತಿಳಿಯಲು 78 ಕೂಡಿಸಿರಿ, ಆದರೆ ಸಂವತ್ಸರ ಯುಗಾದಿಗೆ ತೊಡಗುವುದರಿಂದ ಮಾಘ, ಫಾಲ್ಗುಣಗಳಿಗೆ 79 ಕೂಡಿಸಬೇಕಾಗುತ್ತದೆ.)

ಉಳಿದ ಮಾತುಗಳನ್ನೂ ಬಿಡಿಸಿ ನೋಡೋಣ. ‘ಸಣ್ಣಕ್ಕ’ ಎಂದು ಬರೆದವರು ಮದುಮಗಳಿಗಿಂತ ಚಿಕ್ಕವರು, ಅವರಿಗೆ ದೊಡ್ಡಕ್ಕನೂ ಇದ್ದಾಳೆ. ‘ಕಾಕಾ’ ಬರೆದವರಿಗೆ ಕಾಕಾ, ಚಿತ್ರದಲ್ಲಿರುವ ಎಲ್ಲರಿಗೂ ಅಲ್ಲ. ಸಂಬಂಧದ ಮಾತು ಯಾವಾಗಲೂ ಬರೆದವರ ಕಡೆಯಿಂದ ಎಣಿಸುವಂಥದು. ‘ತಗದದ್ದು’ ಎಂದಿದ್ದರೆ ಕ್ಯಾಮೆರಾ ಕಾಕಾನ ಕೈಯಲ್ಲಿತ್ತು ಎನ್ನಬಹುದಿತ್ತು, ‘ತಗಸಿದ್ದು’ ಎಂದಿರುವುದರಿಂದ ಕಾಕಾ ದುಡ್ಡು ಕೊಟ್ಟು ತೆಗೆಸಿದ್ದಾನೆ, ಚಿತ್ರದೊಳಗೆ ಅವನೂ ನಿಂತಿರಬಹುದು. ಮದುಮಗಳ ಸೆರಗನ್ನು ಹಿಡಿದು ನಿಂತ ಆರೇಳು ವರ್ಷದ ಹುಡುಗಿಯೇ ಮುಂದೆ ಇದನ್ನು ಬರೆದವಳು ಎಂದು ನನಗೆ ಬಲವಾಗಿ ಅನಿಸುತ್ತದೆ. ಅದು ಊಹೆಯಾದ್ದರಿಂದ ನನ್ನ ಟಿಪ್ಪಣಿಯಲ್ಲಿ ‘ಊಹೆ’ ಎಂದೇ ಬರೆದಿದ್ದೇನೆ.

ವಿಳಾಸವಿದ್ದರೆ ಕಾಲದ ಮಿತಿ ಬೇಗ ಸಿಗುತ್ತದೆ. ‘ತಾ. ಗದಗ, ಜಿ. ಧಾರವಾಡ’ ಎಂದಿದ್ದರೆ ಅದು 1997ಕ್ಕಿಂತ ಹಿಂದಿನದು ಇರಬೇಕು, ಗದಗ ಮತ್ತು ಹಾವೇರಿ ಜಿಲ್ಲೆಗಳು ಬೇರೆಯಾದದ್ದು ಆ ವರ್ಷ. ಹಳೆಯ ರೂಢಿಯನ್ನು ಬಿಡದ ಹಿರಿಯರು ಮಾತ್ರ ಇದಕ್ಕೆ ಹೊರತು. ಧಾರವಾಡದ ಮುಂದೆ ‘ಮೈಸೂರು ರಾಜ್ಯ’ ಎಂದಿದ್ದರೆ 1956ರ ನವೆಂಬರ್‌ನಿಂದ 1973ರ ಅಕ್ಟೋಬರ್‌ವರೆಗಿನ ಅವಧಿ. 580, 581, 582ರಿಂದ ತೊಡಗುವ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು.

ಊರಿನ ಹೆಸರು ಸಿಕ್ಕ ಮೇಲೆ ನಕಲನ್ನು ಮಾತ್ರ ಒಯ್ದು ಅಲ್ಲಿಯ ಹಿರಿಯರಿಗೆ ತೋರಿಸಿರಿ, ಮೂಲವನ್ನು ಮನೆಯಲ್ಲಿಯೇ ಇಡಿರಿ. ‘ಇವರು ಯಾರ್ರೀ ಅಜ್ಜಾರ?’ ಎಂದು ಮುಂಬದಿಯನ್ನು ಮೊದಲು ತೋರಿಸುವುದು ಮೇಲು, ಏಕೆಂದರೆ ಹಿಂಬದಿಯ ಹೆಸರನ್ನು ಮೊದಲೇ ಓದಿ ಹೇಳಿದರೆ ಅವರು ಅದಕ್ಕೇ ಹೂಂ ಎನ್ನುವ ಸಂಭವವಿರುತ್ತದೆ. ಮನೆಯವರು ಸಿಗುವ ತನಕ ಹೆಸರು, ವಿಳಾಸ ಕಾಣುವಂತೆ ಹಿಂಬದಿಯ ಚಿತ್ರವನ್ನು ಮೊಬೈಲಿನಲ್ಲಿ ಹಂಚುವುದು ಸರಿಯಲ್ಲ. ಸಿಕ್ಕರೆ ಮೂಲವನ್ನು ಅವರಿಗೇ ಒಪ್ಪಿಸಿರಿ.

ಅಲ್ಲಿಯವರೆಗೆ ಫೋಟೋವನ್ನು ಒಣ ಕಾಗದದ ಲಕೋಟೆಯಲ್ಲಿ, ಡಾಂಬರು ಗುಳಿಗೆ ತಾಗದಂತೆ ಇಡಿರಿ. ನೀವು ತಿಳಿದುಕೊಂಡದ್ದನ್ನು ಹಳೆಯ ಬರಹದ ಪಕ್ಕದಲ್ಲಿ ಬರೆಯದೆ, ಬೇರೆ ಚೀಟಿಯಲ್ಲಿ ಬರೆದು ಅದೇ ಲಕೋಟೆಯಲ್ಲಿಡಿರಿ, ಮತ್ತು ಚೀಟಿಯ ಕೆಳಗೆ ನಿಮ್ಮ ಪೂರ್ಣ ಹೆಸರನ್ನೂ ಅಂದಿನ ತಾರೀಖನ್ನೂ ಹಾಕಿರಿ.