ನರಿತಾದ ಒಂಬತ್ತು ಗಂಟೆ, ಅಮ್ಮನ ಸೋಮವಾರ

"ನರಿತಾದಲ್ಲಿ ಎಂತ ಇದೆ ಮಾರಾಯ, ಗದ್ದೆ ಬಿಟ್ರೆ?" ಎಂದು ಭಾವ ಲಾಸ್ ಏಂಜಲೀಸ್‌ನಿಂದ ಫೋನಿನಲ್ಲೇ ನಕ್ಕಿದ್ದರು. ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಟೋಕಿಯೋದ ನರಿತಾ ನಿಲ್ದಾಣದಲ್ಲಿ ವಿಮಾನ ಬದಲಿಸುವ ನಡುವೆ ಒಂಬತ್ತು ಗಂಟೆ ಇತ್ತು, ಅಮ್ಮನನ್ನು ಹೊರಗೆ ಸುತ್ತಿಸಿ ತರುತ್ತೇನೆ ಎಂದಿದ್ದೆ. ಟಿಕೆಟ್ ಮಾಡಿಕೊಟ್ಟವನು, "ಸರ್, ವಯಸ್ಸಾದವರು, ಸುಮ್ನೆ ಒಳಗೆ ಕೂರಿಸಿಬಿಡಿ" ಎಂದ. ಆಫೀಸಿನಲ್ಲಂತೂ ಒಂಬತ್ತು ಗಂಟೆಗೋಸ್ಕರ ವೀಸಾ ಮಾಡಿಸುವ ಹುಚ್ಚ ಎಂದು ಹೆಸರೇ ಬಂತು. ಈಗ ಅದೇ ಆಫೀಸಿನ ಇಬ್ಬರು ನನ್ನ ಹತ್ತಿರ ರೈಲಿನ ಸಮಯ ಕೇಳುತ್ತಿದ್ದಾರೆ. ಅದಕ್ಕೇ ಬರೆದುಬಿಡೋಣ ಅನಿಸಿತು.

ಇದು ನನ್ನ ನಾಲ್ಕನೇ ಸಲ. ಮೊದಲ ಮೂರೂ ಸೋತವು.

ಮೊದಲ ಸಲ ವೀಸಾ ಇರಲಿಲ್ಲ. ವೀಸಾ ಇಲ್ಲದವರಿಗೂ ಸ್ವಲ್ಪ ಹೊತ್ತು ಹೊರಗೆ ಹೋಗಲು ಶೋರ್ ಪಾಸ್ ಕೊಡ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ಕೌಂಟರಿಗೆ ಹೋದೆ. ಅಲ್ಲಿದ್ದವರು ತುಂಬ ನಯವಾಗಿ ಬಗ್ಗಿ, ಅಷ್ಟೇ ನಯವಾಗಿ ಇಲ್ಲ ಎಂದರು. ಹನ್ನೊಂದು ಗಂಟೆ ಒಳಗೇ ಕಳೆದೆ. ಕಾಫಿ, ನೂಡಲ್ಸ್, ಮತ್ತೆ ಕಾಫಿ ಎಂದು ಮೂರು ಸಾವಿರ ಯೆನ್ ಹತ್ತಿರ ಹೋಯಿತು. ನೋಡಿದ್ದು ಕಾರ್ಪೆಟ್ ಮಾತ್ರ.

ಎರಡನೇ ಸಲ ವೀಸಾ ಇತ್ತು, ಬುದ್ಧಿ ಇರಲಿಲ್ಲ. ಸೀದಾ ಟೋಕಿಯೋಗೆ ಓಡಿದೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ ದೂರ ಎಂದು ಗೊಣಗುವವರು ಒಮ್ಮೆ ನರಿತಾ ನೋಡಬೇಕು. ಅದು ಇರುವುದು ಚಿಬಾದಲ್ಲಿ. ಟೋಕಿಯೋ ನಡುಭಾಗಕ್ಕೆ ಅರವತ್ತು ಕಿಲೋಮೀಟರಿಗೂ ಜಾಸ್ತಿ. ಸ್ಕೈಲೈನರ್ ರೈಲು ನಲವತ್ತು ನಿಮಿಷದಲ್ಲಿ ಊರು ಮುಟ್ಟಿಸುತ್ತದೆ, ಸುಳ್ಳಲ್ಲ. ಆದರೆ ರೈಲು ಕಾಯುವುದು, ಇಳಿದು ಇನ್ನೊಂದು ಹಿಡಿಯುವುದು, ನೆಲದಡಿ ದಾರಿ ತಪ್ಪುವುದು ಎಲ್ಲ ಸೇರಿ ಒಂದೂವರೆ ಗಂಟೆ. ವಾಪಸ್ಸಿಗೂ ಅಷ್ಟೇ. ಅಸಾಕುಸಾದಲ್ಲಿ ನಿಂತದ್ದು ಒಂದು ಗಂಟೆ ಹತ್ತು ನಿಮಿಷ. ಬರುವಾಗ ಊರೊಳಗಿನ ರೈಲೊಂದು ಏನೋ ತೊಂದರೆಯಿಂದ ಅರ್ಧ ಗಂಟೆ ನಿಂತುಬಿಟ್ಟಿತು. ಗೇಟಿಗೆ ಓಡಿದ್ದು ಇನ್ನೂ ಕನಸಿನಲ್ಲಿ ಬರುತ್ತದೆ. ಖರ್ಚು ಒಂಬತ್ತೂವರೆ ಸಾವಿರ ಯೆನ್. ನಮ್ಮ ಲೆಕ್ಕದಲ್ಲಿ ಐದೂವರೆ ಸಾವಿರ ರೂಪಾಯಿ, ಅದೂ ಒಬ್ಬನಿಗೆ.

ಆವತ್ತು ವಿಮಾನದಲ್ಲಿ ಕೂತು ಗಡಿಯಾರವನ್ನು ಹಿಂದಿನಿಂದ ಎಣಿಸಿದೆ. ಒಂಬತ್ತು ಗಂಟೆಯಲ್ಲಿ ಹೊರಗೆ ಬರೋಕೆ ಒಂದೂಕಾಲು, ವಿಮಾನಕ್ಕೆ ಮೂರು ಗಂಟೆ ಮೊದಲು ವಾಪಸ್. ಉಳಿಯುವುದು ನಾಲ್ಕೂಮುಕ್ಕಾಲು ಗಂಟೆ. ಅದರಲ್ಲಿ ಮೂರನ್ನು ರೈಲಿಗೆ ಕೊಟ್ಟರೆ ಕೈಗೆ ಸಿಗೋದು ಎರಡೂ ಇಲ್ಲ. ರೈಲಿಗೆ ಇಪ್ಪತ್ತೇ ನಿಮಿಷ ಕೊಟ್ಟರೆ? ಅಂಥ ಊರು ಪಕ್ಕದಲ್ಲೇ ಇದೆ. ನರಿತಾ ಎಂಬುದು ವಿಮಾನ ನಿಲ್ದಾಣದ ಹೆಸರು ಮಾತ್ರ ಅಲ್ಲ. ನಿಲ್ದಾಣ ಬಂದದ್ದು 1978ರಲ್ಲಿ. ಅಲ್ಲಿನ ದೇವಸ್ಥಾನ 940ರದ್ದು.

ಹಾಗೆಂದು ಮೂರನೇ ಸಲ ನರಿತಾ ಊರಿಗೇ ಹೊರಟೆ. ಹತ್ತಿದ್ದು ತಪ್ಪು ರೈಲು. ಕೇಸೇ ಎಂಬ ರೈಲು ಕಂಪನಿಯದು ಎರಡು ದಾರಿ. ಮೇನ್ ಲೈನ್ ಕೇಸೇ-ನರಿತಾದಲ್ಲಿ ನಿಲ್ಲುತ್ತದೆ. ಆಕ್ಸೆಸ್ ಎಕ್ಸ್‌ಪ್ರೆಸ್ ಬೇರೆ ಹಳಿ ಹಿಡಿದು ನರಿತಾ-ಯುಕಾವಾ ಎಂಬಲ್ಲಿ ನಿಲ್ಲುತ್ತದೆ. ಹೆಸರಲ್ಲಿ ನರಿತಾ ಕಂಡದ್ದೇ ಇಳಿದೆ. ಹೊರಗೆ ನಾನು ಹುಡುಕುತ್ತಿದ್ದ ಬೀದಿಯೂ ಇಲ್ಲ, ಗುಡಿಯೂ ಇಲ್ಲ. ವಾಪಸ್ ಬಂದು ಸರಿ ಮಾಡಿಕೊಳ್ಳುವ ಹೊತ್ತಿಗೆ ಬೇಸರ ಹತ್ತಿ, ಎರಡನೇ ಟರ್ಮಿನಲ್ ಹತ್ತಿರದ ನೈನ್ ಅವರ್ಸ್ ಎಂಬ ಕ್ಯಾಪ್ಸೂಲ್ ಹೋಟೆಲಿನ ಗೂಡಿನಲ್ಲಿ ಗಂಟೆ ಲೆಕ್ಕದಲ್ಲಿ ಮಲಗಿದೆ. ಡಬ್ಬಿಯೊಳಗೆ ತುರುಕಿದ ಹಾಗೆ ಎಂದು ಹೆದರಿದ್ದೆ. ನಿದ್ದೆ ಮಾತ್ರ ಚೆನ್ನಾಗಿ ಬಂತು. ಇದು ರಾತ್ರಿ ಲೇಓವರ್ ಇದ್ದವರಿಗೆ ಉಪಯೋಗಕ್ಕೆ ಬಂದೀತು.

ನಾಲ್ಕನೆಯದು ಅಮ್ಮನ ಜೊತೆ. ಕುಂದಾಪುರದಿಂದ ಬೆಂಗಳೂರು, ಅಲ್ಲಿಂದ ಸಿಂಗಪುರ, ನರಿತಾ, ಆಮೇಲೆ ಅಕ್ಕನ ಮನೆ. ಈ ಸುತ್ತು ಟಿಕೆಟ್ ಇಬ್ಬರಿಗೆ ಸೇರಿ ಅರವತ್ತು ಸಾವಿರ ಕಡಿಮೆ ಇತ್ತು. ಅಮ್ಮನಿಗೆ ಅದನ್ನು ಹೇಳಲಿಲ್ಲ, ಜಪಾನ್ ತೋರಿಸ್ತೇನೆ ಎಂದೆ.

ಭಾರತದಲ್ಲಿರುವ ನಮ್ಮಂಥವರಿಗೆ 2024ರ ಏಪ್ರಿಲ್‌ನಿಂದ ಇ-ವೀಸಾ ಬಂದಿದೆ. ಬೆಂಗಳೂರಿನ ಸೆಂಟರಿಗೆ ಕಾಗದ ಕೊಟ್ಟರೆ ಪಾಸ್‌ಪೋರ್ಟಿಗೆ ಸ್ಟಿಕರ್ ಇಲ್ಲದೆ ಕೆಲಸ ಮುಗಿಯುತ್ತದೆ. ಸರ್ವಿಸ್ ಚಾರ್ಜ್ ಸೇರಿ ತಲೆಗೆ ಸಾವಿರದ ಮುನ್ನೂರೋ ನಾನೂರೋ ಕೊಟ್ಟ ನೆನಪು. ಎರಡು ಕೊಕ್ಕೆ ಇವೆ. ಒಂದು, ಅದು ಒಂದೇ ಪ್ರವೇಶಕ್ಕೆ. ಹೋಗುವಾಗ ಬಳಸಿದರೆ ಬರುವಾಗ ಇಲ್ಲ. ಇನ್ನೊಂದು, ವೀಸಾ ನೋಟಿಸನ್ನು ಅಲ್ಲೇ ಇಂಟರ್ನೆಟ್ಟಿನಲ್ಲಿ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಪ್ರಿಂಟ್ ಯಾವುದೂ ನಡೆಯೋದಿಲ್ಲ. ನಾನು ಜಾಣತನ ಮಾಡಿ ಎರಡೂ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಬೇರೆ ಮಾಡಿಸಿದ್ದೆ! ಸಾಲಿನಲ್ಲಿ ನಿಂತಾಗ ನಿಲ್ದಾಣದ ವೈಫೈ ಒಮ್ಮೆ ಹೋಯಿತು, ಜೀವವೂ ಜೊತೆಗೆ ಹೋಯಿತು. ಎರಡು ನಿಮಿಷಕ್ಕೆ ಎರಡೂ ವಾಪಸ್ ಬಂದವು.

ಬೆರಳಚ್ಚಿನ ಯಂತ್ರಕ್ಕೆ ಅಮ್ಮನ ಬೆರಳೇ ಕಾಣಲಿಲ್ಲ. ಐವತ್ತು ವರ್ಷ ಕಾಯಿ ತುರಿದು, ಪಾತ್ರೆ ತಿಕ್ಕಿ, ಗೆರೆಗಳೆಲ್ಲ ಸವೆದಿವೆ. ಅಧಿಕಾರಿ ಹೆಣ್ಣುಮಗಳು ಒದ್ದೆ ಬಟ್ಟೆಯಿಂದ ಅಮ್ಮನ ತೋರುಬೆರಳು ಒರೆಸಿ, ಗಾಜಿನ ಮೇಲಿಟ್ಟು, ತನ್ನ ಬೆರಳಿಂದ ಮೆಲ್ಲಗೆ ಒತ್ತಿ ಹಿಡಿದಳು. ನಾಲ್ಕನೇ ಸಲಕ್ಕೆ ಹಸಿರು ಬಂತು. ಹತ್ತು ನಿಮಿಷ ಅಲ್ಲೇ ಹೋಯಿತು. ಅಮ್ಮಂದಿರನ್ನು ಕರೆದುಕೊಂಡು ಹೋಗುವವರು ಈ ಹತ್ತು ನಿಮಿಷವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಆಮೇಲೆ ಕಸ್ಟಮ್ಸ್. ಒಳಗೇ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೊರಗೆ ಹೋಗುತ್ತೇವೆ ಅಂದಮೇಲೆ ಹಣ್ಣು, ಹಸಿ ಸೊಪ್ಪು ಎಲ್ಲ ಜಪಾನಿನೊಳಗೆ ಬಂದಂತೆ. ಅದನ್ನು ಬಿಡೋದಿಲ್ಲ. "ಚೀಲದಲ್ಲಿ ಏನಿದೆ ಅಮ್ಮ?" ಎಂದೆ. "ಏನಿಲ್ಲ" ಎಂದರು. ಏನಿಲ್ಲದ ಚೀಲದಿಂದ ಮೂರು ಬಾಳೆಹಣ್ಣು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಹಿಡಿ ಕರಿಬೇವು ಹೊರಬಂದವು. ನಮ್ಮ ಹಿತ್ತಲಿನದು, ಅಕ್ಕನಿಗೆಂದು. ಎಲ್ಲ ಒಪ್ಪಿಸಬೇಕಾಯಿತು. ಇದೊಂದೇ ನಿಜವಾದ ನಷ್ಟ.

ಹೊರಬಂದಾಗ ಒಂಬತ್ತೂವರೆ. ಲಾಕರಿನಲ್ಲಿ ಒಂದು ಬ್ಯಾಗು, ಐನೂರು ಯೆನ್. ದೊಡ್ಡ ಸಾಮಾನು ಕೊನೆಯವರೆಗೆ ಚೆಕ್ ಆಗಿತ್ತು. ಈ ಸಲ ರೈಲಿನ ಬೋರ್ಡನ್ನು ಮೂರು ಸಲ ಓದಿ ಹತ್ತಿದೆ. ಹತ್ತು ನಿಮಿಷ, ತಲೆಗೆ 280 ಯೆನ್ ಆಸುಪಾಸು. "ನರಿತಾ ಅಂದ್ರೆ ನರಿ ಊರಾ?" ಎಂದು ಅಮ್ಮ ಕೇಳಿದರು. ಅಲ್ಲಮ್ಮ ಎಂದೆ.

ಸ್ಟೇಷನ್‌ನಿಂದ ದೇವಸ್ಥಾನಕ್ಕೆ ಓಮೊತೆಸಾಂದೋ ಎಂಬ ಬೀದಿ, ಮುಕ್ಕಾಲು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಸೊಂಟ ತಿರುಗಿಸಿದ ಹಾಗೆ ಇಳಿಯುತ್ತಾ ಹೋಗುತ್ತದೆ. ಎರಡೂ ಕಡೆ ಮರದ ಮುಂಗಟ್ಟಿನ ಹಳೇ ಅಂಗಡಿ. ಸುಟ್ಟ ಮೀನಿನ ಪರಿಮಳ ಮೂಗಿಗೆ ಹಗ್ಗ ಹಾಕಿ ಎಳೆಯುತ್ತದೆ. ಈ ಬೀದಿ ಹೆಸರುವಾಸಿ ಆದದ್ದೇ ಹಾವುಮೀನಿನಿಂದ, ಉನಾಗಿ ಎನ್ನುತ್ತಾರೆ. ಅಂಗಡಿ ಮುಂದೆಯೇ ಉದ್ದ ಹಲಗೆ. ಆತ ಬಕೆಟ್ಟಿನಿಂದ ಜಾರುವ ಮೀನನ್ನೆತ್ತಿ, ತಲೆಗೆ ಒಂದು ಮೊಳೆ ಕುಟ್ಟಿ ಹಲಗೆಗೆ ಸಿಕ್ಕಿಸಿ, ಬೆನ್ನಿನ ಕಡೆಯಿಂದ ಒಂದೇ ಎಳೆತಕ್ಕೆ ಸೀಳಿದ. ಮುಳ್ಳು ಒಂದೇ ಪಟ್ಟಿಯಾಗಿ ಬಂತು. ಟೋಕಿಯೋ ಕಡೆ ಬೆನ್ನು ಸೀಳುತ್ತಾರೆ, ಒಸಾಕಾ ಕಡೆ ಹೊಟ್ಟೆ. ಅಮ್ಮ ಸೆರಗು ಬಿಗಿದು ಐದು ನಿಮಿಷ ನಿಂತೇ ನೋಡಿದರು. "ಗಂಗೊಳ್ಳಿಯ ಹೆಂಗಸರು ಇದಕ್ಕಿಂತ ಬೇಗ ಮಾಡ್ತ್ರು" ಎಂದು ತೀರ್ಪು ಕೊಟ್ಟರು.

ಇಲ್ಲಿ ನನ್ನ ಒಂದು ಉಪಾಯ ಹೇಳುತ್ತೇನೆ. ಮೊದಲು ಚೀಟಿ, ಆಮೇಲೆ ದೇವರು. ಜನ ಮುತ್ತುವ ಅಂಗಡಿಯಲ್ಲಿ ನಂಬರ್ ಚೀಟಿ ಕೊಡುತ್ತಾರೆ. ಅದನ್ನು ಜೇಬಿಗಿಟ್ಟು ಗುಡಿಗೆ ಹೋಗಿ ಬಂದರೆ ನಿಮ್ಮ ಸರದಿ ಹತ್ತಿರ ಬಂದಿರುತ್ತದೆ. ಚೀಟಿಯ ಗಲಾಟೆಯೇ ಇಲ್ಲದ ಒಂದು ಸಣ್ಣ ಅಂಗಡಿಯೂ ನನಗೆ ಗೊತ್ತು. ಅದನ್ನು ಬರೆಯೋದಿಲ್ಲ. ಅಲ್ಲಿ ಇರೋದೇ ನಾಲ್ಕೈದು ಟೇಬಲ್ಲು.

ನರಿತಾಸಾನ್ ಶಿನ್‌ಶೋಜಿಯಲ್ಲಿ ಮುಖ್ಯ ದೇವರು ಫುದೋ ಮ್ಯೋಓ. ನಮ್ಮ ಕಡೆಯ ಹೆಸರು ಅಚಲ, ಅಚಲನಾಥ. ಬೆಂಕಿಯ ನಡುವೆ ಕತ್ತಿ, ಪಾಶ ಹಿಡಿದು ಕೂತ ಉಗ್ರರೂಪ. ದಿನಕ್ಕೆ ಹಲವು ಸಲ ಗೋಮಾ ಎಂಬ ಪೂಜೆ ನಡೆಯುತ್ತದೆ. ನಾನು ಲೆಕ್ಕ ಹಾಕಿದ್ದು ಹನ್ನೊಂದರದ್ದಕ್ಕೆ. ಚಪ್ಪಲಿ ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು ಚಾಪೆಯ ಮೇಲೆ ಕೂತೆವು. ದೊಡ್ಡ ನಗಾರಿ ಗುಡುಗಿತು. ಎದೆಯೊಳಗೇ ಬಡಿದ ಹಾಗಿತ್ತು. ಸಾಲಾಗಿ ಬಂದ ಪುರೋಹಿತರು ಮಂತ್ರ ಹಿಡಿದರು. ನಡುವೆ ಕೂತವರು ಕಟ್ಟಿಗೆಯನ್ನು ಅಡ್ಡಡ್ಡ ಪೇರಿಸಿ ಎಣ್ಣೆ ಬಿಟ್ಟರು. ಜ್ವಾಲೆ ಎದ್ದಿತು.

ಅಮ್ಮ ನನ್ನ ಮಂಡಿ ಹಿಂಡಿದರು. "ಇದ್ ಹೋಮವೇ ಅಲ್ದಾ ಮಗಾ?"

ಹೌದು, ಹೋಮವೇ. ಪದವೂ ಅದೇ, ಚೀನಾ ಸುತ್ತಿ ಬರುವಾಗ ಗೋಮಾ ಆಗಿದೆ. ಅವರು "ನೋಮಾಕು ಸನ್ಮಂಡ ಬಾಜಾರಾದಾನ್" ಎನ್ನುವುದು "ನಮಃ ಸಮಂತ ವಜ್ರಾಣಾಂ". ಇದನ್ನೆಲ್ಲ ಆಮೇಲೆ ಪಾರ್ಕಿನ ಬೆಂಚಿನಲ್ಲಿ ಹೇಳಿದೆ. ಆಗ ಹೇಳಲು ಆಗಲಿಲ್ಲ, ಅಮ್ಮ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಕೊನೆಗೆ ಜನ ತಮ್ಮ ಬ್ಯಾಗು, ಪರ್ಸು ಮುಂದೆ ಕೊಡುತ್ತಾರೆ. ಅದನ್ನು ಬೆಂಕಿಗೆ ತೋರಿಸಿ ವಾಪಸ್ ಕೊಡುತ್ತಾರೆ, ನಾವು ಆರತಿ ತಗೊಂಡ ಹಾಗೆ. ನಾನು ಬೇಡ ಅನ್ನುವಷ್ಟರಲ್ಲಿ ಅಮ್ಮನ ಬ್ಯಾಗು ಹೋಗಿಯಾಗಿತ್ತು. ಅದರೊಳಗೆ ಇಬ್ಬರ ಪಾಸ್‌ಪೋರ್ಟ್. ಅದು ವಾಪಸ್ ಬರುವವರೆಗೆ ನನ್ನಷ್ಟು ಭಕ್ತಿಯಿಂದ ಯಾರೂ ಬೆಂಕಿ ನೋಡಿರಲಿಕ್ಕಿಲ್ಲ.

ಹೊರಗೆ 1712ರ ಮೂರಂತಸ್ತಿನ ಪಗೋಡ ಇದೆ, ಬಣ್ಣ ನೋಡಿದರೆ ನಿನ್ನೆ ಬಳಿದ ಹಾಗೆ. ಹಿಂದೆ ದೊಡ್ಡ ಪಾರ್ಕ್. ಪಕ್ಕದ ಮೆಟ್ಟಿಲು ಹತ್ತಿದರೆ ಶುಸ್ಸೆ ಇನಾರಿ ಗುಡಿ. ಅಲ್ಲಿ ಎಲ್ಲಿ ನೋಡಿದರೂ ನರಿ. ನರಿಗೆ ನೈವೇದ್ಯಕ್ಕೆಂದು ಕರಿದ ತೋಫು ಮಾರುತ್ತಾರೆ. ಅಮ್ಮ ನನ್ನನ್ನು ತಿರುಗಿ ನೋಡಿದರು. "ನಾ ಆಗಲೇ ಹೇಳ್ಲಿಲ್ವಾ, ನರಿ ಊರು ಅಂತ?" ನಾನೇನು ಹೇಳಲಿ!

ಊಟದ ಕಥೆ ಬೇರೆ. ಆ ದಿನ ಸೋಮವಾರ. ಉಳಿದ ದಿನ ಬಂಗುಡೆ ಇಲ್ಲದೆ ಅಮ್ಮನಿಗೆ ಊಟ ಸೇರದು, ಸೋಮವಾರ ಮಾತ್ರ ಮುಟ್ಟೋದಿಲ್ಲ. ಟಿಕೆಟ್ ಮಾಡುವಾಗ ಇದು ನನ್ನ ತಲೆಗೇ ಬಂದಿರಲಿಲ್ಲ. ದಾರಿಯ ಅಂಗಡಿಯಲ್ಲಿ ಉಮೆ ಒನಿಗಿರಿ ಎರಡು ತಗೊಂಡೆ, ಒಂದಕ್ಕೆ ನೂರೈವತ್ತು ಯೆನ್ ಇರಬೇಕು. ಅನ್ನದ ಉಂಡೆ, ಒಳಗೆ ಉಪ್ಪಿನಲ್ಲಿ ಹಾಕಿದ ಹುಳಿ ಕಾಯಿ. "ಮಿಡಿ ಉಪ್ಪಿನಕಾಯಿ ಅನ್ನ" ಎಂದು ಅಮ್ಮ ಎರಡನ್ನೂ ತಿಂದರು. ಅದರಲ್ಲಿ ಚೂರು ಮೀನಿನ ರಸ ಇದ್ದರೂ ಇರಬಹುದು. ನಾನು ಬಾಯಿ ಬಿಡಲಿಲ್ಲ.

ಹಾವುಮೀನು ನಾನೊಬ್ಬನೇ ತಿಂದೆ. ಮೆರುಗೆಣ್ಣೆಯ ಪೆಟ್ಟಿಗೆ, ಕೆಳಗೆ ಅನ್ನ, ಮೇಲೆ ಆವಿಯಲ್ಲಿ ಬೇಯಿಸಿ ಕೆಂಡದಲ್ಲಿ ಸುಟ್ಟ ಮೀನು. ಸಿಹಿ ಸೋಯಾ ರಸ ಅಕ್ಕಿಯೊಳಗೆ ಇಳಿದಿತ್ತು. ಬಾಯಲ್ಲಿಟ್ಟರೆ ಬೆಣ್ಣೆ. ನಾಲ್ಕೂವರೆ ಸಾವಿರ ಯೆನ್ ಕೊಟ್ಟೆ, ಹೊಟ್ಟೆ ಉರಿಯಲಿಲ್ಲ. ಖಾರ ಇಲ್ಲ, ಅದೊಂದೇ ಕೊರತೆ. ಅಮ್ಮ ಎದುರಿಗೆ ಚಹಾ ಕುಡಿಯುತ್ತಾ, "ಮಂಗಳವಾರ ಟಿಕೆಟ್ ಸಿಗ್ಲಿಲ್ವಾ ನಿಂಗೆ?" ಎಂದರು.

ಅವರನ್ನು ಸಮಾಧಾನ ಮಾಡಿದ್ದು ಯೋಕಾನ್ ಎಂಬ ಸಿಹಿ. ಅದೇ ಬೀದಿಯಲ್ಲಿ ಯೋನೆಯಾ ಎಂಬ 1899ರ ಅಂಗಡಿ, ಹಿಂದೆ ಯೋಕಾನಿಗೇ ಒಂದು ಪುಟ್ಟ ಮ್ಯೂಸಿಯಂ, ಟಿಕೆಟ್ ಇಲ್ಲ. ಹೋಳಿಗೆಯ ಹೂರಣವನ್ನು ಚೈನಾ ಗ್ರಾಸ್ ಹಾಕಿ ಗಟ್ಟಿ ಮಾಡಿದರೆ ಹೇಗೋ ಹಾಗೆ. ತುಪ್ಪ ಇಲ್ಲ, ಮೊಟ್ಟೆ ಇಲ್ಲ. ಸಾವಿರ ಯೆನ್ ಒಳಗೆ ಅಕ್ಕನಿಗೂ ಆಯಿತು. ವಿಮಾನಗಳ ಮ್ಯೂಸಿಯಂ ಒಂದು ಹತ್ತಿರದ ಶಿಬಾಯಾಮಾದಲ್ಲಿದೆ. ನನಗೆ ಅದರ ಮೇಲೆ ಕಣ್ಣಿತ್ತು, ಆದರೆ ಅದಕ್ಕೂ ಸೋಮವಾರವೇ ರಜೆ.

ವಾಪಸ್ ಏರು ದಾರಿ. ಅಮ್ಮನ ಮಂಡಿ ಒಪ್ಪಲಿಲ್ಲ. ಸ್ಟೇಷನ್‌ವರೆಗೆ ಟ್ಯಾಕ್ಸಿ, ಏಳೆಂಟುನೂರು ಯೆನ್. ಎರಡು ಗಂಟೆಗೆ ನಿಲ್ದಾಣದಲ್ಲಿದ್ದೆವು, ವಿಮಾನ ಐದರ ಮೇಲೆ. ಓಡಲಿಲ್ಲ, ಬೆವರಲಿಲ್ಲ. ಎಲ್ಲ ಸೇರಿ ಎಂಟೂವರೆ ಸಾವಿರ ಯೆನ್ ಆಗಿರಬೇಕು. ಟೋಕಿಯೋಗೆ ಒಬ್ಬನೇ ಓಡಿದ್ದಕ್ಕಿಂತ ಇಬ್ಬರದೂ ಸೇರಿ ಕಡಿಮೆ. ವೀಸಾ ಖರ್ಚು ಸೇರಿಸಬೇಕಲ್ವಾ ಎಂದು ಭಾವ ತಗಾದೆ ತೆಗೆದರು. ಸರಿ, ಸೇರಿಸಿಕೊಳ್ಳಲಿ.

ಇದು ನರಿತಾದ ಲೆಕ್ಕ ಮಾತ್ರ. ಟೋಕಿಯೋದ ಇನ್ನೊಂದು ವಿಮಾನ ನಿಲ್ದಾಣವಾದ ಹನೇಡಾದಲ್ಲಿ ಇಳಿಯುವವರು ಊರೊಳಗೆ ಹೋಗಲಿ, ಅದು ಊರ ಮಗ್ಗುಲಲ್ಲೇ ಇದೆ. ನರಿತಾದಲ್ಲಿ ಇಳಿದು ಹನೇಡಾದಿಂದ ಹಾರುವ ಅಗ್ಗದ ಟಿಕೆಟ್ ತಗೊಳ್ಳುವಾಗ ಮಾತ್ರ ಹುಷಾರು. ನಡುವೆ ಜಪಾನಿನೊಳಗೆ ಬಂದೇ ಬರಬೇಕು, ವೀಸಾ ಬೇಕೇ ಬೇಕು. ನನ್ನ ಸಹೋದ್ಯೋಗಿಯೊಬ್ಬ ಇದನ್ನು ಚೆಕ್-ಇನ್ ಕೌಂಟರಿನಲ್ಲಿ ಕಲಿತ.

ಅಕ್ಕನ ಮನೆಯಲ್ಲಿ ಅಮ್ಮ ಮೊದಲು ಹೇಳಿದ್ದು ಕರಿಬೇವಿನ ಕಥೆ. ಹೋಮದ್ದು ಆಮೇಲೆ. ಮಾರ್ಚ್‌ನಲ್ಲಿ ವಾಪಸ್ ಬರಬೇಕು. ಇ-ವೀಸಾ ಮುಗಿದಿದೆ, ಒಳಗೇ ಕೂರಬೇಕು ಎಂದೆ. "ಅದ್ ಯಾವ ವಾರ?" ಎಂದು ಕೇಳಿದರು. ಗುರುವಾರ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ವೀಸಾಕ್ಕೆ ಎಷ್ಟಾಗುತ್ತದೆ ಎಂದು ವಿಚಾರಿಸಲು ಹೇಳಿದ್ದಾರೆ.